ಉಪ್ಪಾಗೆ ಹಳದಿ ಆಗುವ ತನಕ
ನಮ್ಮದು ಸಿದ್ದಾಪುರ ತಾಲ್ಲೂಕಿನ ಘಟ್ಟದ ಅಂಚಿನ ಸಣ್ಣ ಊರು. ಇಲ್ಲಿ ಮಳೆಗಾಲ ಅಂದ್ರೆ ಉಪ್ಪಾಗೆ ಕಾಲ. ಉಪ್ಪಾಗೆ ಅಂದ್ರೆ ನಮ್ಮ ಕಾಡಿನ ಹುಳಿಹಣ್ಣಿನ ಮರ. ಹಣ್ಣಿನ ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿದರೆ ಕಪ್ಪಾಗಿ, ಹುಳಿಗೆ ವರ್ಷವಿಡೀ ಆಗುತ್ತದೆ. ಬೀಜದಿಂದ ತುಪ್ಪ ತೆಗೆಯುತ್ತೇವೆ. ಮೊದಲೆಲ್ಲ ಅಷ್ಟೇ, ಮನೆಬಳಕೆಗೆ. 1990ರ ದಶಕದಲ್ಲಿ ಉಪ್ಪಾಗೆ ಸಿಪ್ಪೆಯಿಂದ ಮೈ ತೂಕ ಇಳಿಯುತ್ತೆ ಅಂತ ಹೊರದೇಶದಲ್ಲಿ ಸುದ್ದಿಯಾಯಿತು, ಇಲ್ಲಿ ರೇಟು ಏರಿತು. ಆಮೇಲೆ ಜೂನ್ ಬರುವುದೇ ತಡ, ಹಸಿರುಕಾಯಿಗೇ ಕೈ. ದೋಟಿಗೆ ಎಟುಕದಿದ್ದರೆ ಕೊಂಬೆಯನ್ನೇ ಕಡಿಯುವುದು.

ಗ್ರಾಮ ಅರಣ್ಯ ಸಮಿತಿಗೆ ನಾನು ಸೇರಿದ ವರ್ಷ ಒಂದು ನಿಯಮ ಮಾಡಿದೆವು. ಹಳದಿ ಆಗದೆ ಕೊಯ್ಯುವಂತಿಲ್ಲ, ಕೊಯ್ದರೆ ದಂಡ. ಎಲ್ಲರೂ ಸಹಿ ಹಾಕಿದರು. ಮೊದಲು ಸಿಕ್ಕಿಬಿದ್ದವನು ನನ್ನ ತಮ್ಮ! ಎರಡು ಚೀಲ ಹಸಿರುಕಾಯಿ. ದಂಡ ಕಟ್ಟಿಸಿದೆ. ಮನೆಯಲ್ಲಿ ಒಂದು ವಾರ ಮಾತಿಲ್ಲ.

ಆಮೇಲೆ ಗೊತ್ತಾಯಿತು, ಅವನು ಬೇಸಿಗೆಯಲ್ಲೇ ವ್ಯಾಪಾರಿಯಿಂದ ಮುಂಗಡ ತಂದಿದ್ದ. ಊರಲ್ಲಿ ಅರ್ಧ ಜನರದ್ದು ಅದೇ ಕಥೆ. ಮುಂಗಡ ತಂದವನು ಹಣ್ಣಾಗಲಿ ಅಂತ ಹೇಗೆ ಕಾಯುತ್ತಾನೆ? ಇನ್ನೊಂದು ಗಂಟನ್ನು ಸಭೆಯಲ್ಲಿ ಒಬ್ಬ ಅಜ್ಜಿ ಬಿಚ್ಚಿದರು: "ತಮಾ, ನಾವು ಬಿಟ್ರೆ ಪಕ್ಕದೂರಿನವ್ರು ಬಿಡ್ತಾರೇನೋ?"

ಮರುವರ್ಷ ಮಹಿಳಾ ಸಂಘದಿಂದ ಸಣ್ಣ ಸಾಲ ಕೊಡಿಸಿದೆವು, ಮಾರಿದ ಮೇಲೆ ತೀರಿಸುವ ಹಾಗೆ. ಪಕ್ಕದೂರಿನವರನ್ನೂ ಕರೆದೆವು. ಮಾತು ಬೆಳೆಸುವ ಬದಲು ಒಂದೇ ತೂಕದ ಹಸಿರುಕಾಯಿ, ಹಣ್ಣು ಎರಡನ್ನೂ ಬೇರೆಬೇರೆ ಅಟ್ಟದ ಮೇಲೆ ಒಣಗಿಸಿ, ಅವರೆದುರೇ ತಕ್ಕಡಿಗೆ ಹಾಕಿದೆವು. ಹಸಿರುಕಾಯಿಯದು ಮುರುಟಿ ತೆಳ್ಳಗೆ, ಮುಟ್ಟಿದರೆ ಪುಡಿಪುಡಿ. ಹಣ್ಣಿನ ಸಿಪ್ಪೆ ದಪ್ಪ, ಮೆತ್ತಗೆ. ತಕ್ಕಡಿ ಯಾವ ಕಡೆ ವಾಲಿತು ಅಂತ ಹೇಳಬೇಕಾ? ಎಳೆ ಬೀಜದಿಂದ ತುಪ್ಪವೂ ಸರಿಯಾಗಿ ಬರಲ್ಲ ಅಂತ ಹೆಂಗಸರೇ ಸೇರಿಸಿದರು. ಈಗ ಎರಡೂ ಊರಿನವರು ಒಟ್ಟಿಗೆ ಬೆಟ್ಟ ಸುತ್ತಿ, ಮರ ನೋಡಿ, ಕೊಯ್ಲಿನ ದಿನ ಗೊತ್ತು ಮಾಡುತ್ತೇವೆ. ತುದಿ ಕೊಂಬೆಯ ಹಣ್ಣು ಸಿಂಗಳೀಕಕ್ಕೆ.

ಗಂಡುಮರದ ವಿಷಯದಲ್ಲಿ ಮಾತ್ರ ಜಗಳ ಜಾಸ್ತಿ ಆಯಿತು. ಉಪ್ಪಾಗೆಯಲ್ಲಿ ಗಂಡು, ಹೆಣ್ಣು ಬೇರೆ ಬೇರೆ. ಕಾಯಿ ಬಿಡದ ಮರ ಯಾಕೆ ಅಂತ ಕಟ್ಟಿಗೆಗೆ ಕಡಿಯುತ್ತಿದ್ದರು. ಹೂ ಬಿಟ್ಟಾಗ ಎರಡನ್ನೂ ತೋರಿಸಿ, ಹೆಣ್ಣುಮರ ಕಾಯಿ ಕಟ್ಟಲು ಗಂಡುಹೂವಿನ ಪರಾಗ ಬೇಕು ಅಂತ ಹೇಳಿ, ಗಂಡುಮರಗಳಿಗೆ ಸುಣ್ಣದ ಗುರುತು ಹಾಕಿಸಿದೆ.

ಸೋತದ್ದು ಒಲೆಯಲ್ಲಿ. ಮಳೆಯಲ್ಲಿ ಬಿಸಿಲೆಲ್ಲಿ? ಸಿಪ್ಪೆ ಒಣಗಲು ರಾತ್ರಿ ಹಗಲು ಬೆಂಕಿ ಬೇಕು. ಕಟ್ಟಿಗೆ ಕಡಿಮೆ ತಿನ್ನುವ ಡ್ರೈಯರ್ ಒಂದು ತಂದೆವು, ಊರಿಗೆಲ್ಲ ಸಾಲಲಿಲ್ಲ. ಸರದಿ ಬರುವಷ್ಟರಲ್ಲಿ ಸಿಪ್ಪೆಗೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಹೆಚ್ಚಿನ ಮನೆಗಳಲ್ಲಿ ಈಗಲೂ ಹಳೆ ಒಲೆಯೇ. ಬೇಸಿಗೆಯಲ್ಲೇ ಬಿದ್ದ ಒಣಕಟ್ಟಿಗೆ ಆರಿಸಿ ಕೊಟ್ಟಿಗೆಯಲ್ಲಿ ಒಟ್ಟಿಡಿ ಅಂತ ಹೇಳುತ್ತಿದ್ದೇವೆ. ಕೆಲವರು ಒಟ್ಟುತ್ತಾರೆ. ಉಳಿದವರು ಆಗಸ್ಟ್‌ನಲ್ಲಿ ಕತ್ತಿ ಹಿಡಿದು ಬೆಟ್ಟ ಹತ್ತುತ್ತಾರೆ.