ಆಸ್ಟೆನ್ ಆರೂ ಓದಿ ಮುಗೀತಾ? ಮುಂದೆ ಇವರನ್ನು ಹಿಡಿಯಿರಿ

ಇಂಗ್ಲಿಷ್ ಲೇಖಕಿ ಜೇನ್ ಆಸ್ಟೆನ್ ಬರೆದು ಮುಗಿಸಿದ್ದು ಆರೇ ಕಾದಂಬರಿ. 1811ರಿಂದ 1817ರೊಳಗೆ ಆರೂ ಅಚ್ಚಾದವು, ಕೊನೆಯ ಎರಡು ಆಕೆ ತೀರಿಕೊಂಡ ಮೇಲೆ. ಆರೂ ಮುಗಿದವು, ಮುಂದೇನು ಅಂತ ಕೇಳಿದರೆ ಎಲ್ಲರೂ ಬ್ರಾಂಟೆ ಸೋದರಿಯರ ಕಡೆ ಕೈ ತೋರಿಸುತ್ತಾರೆ. ನಾನು ತೋರಿಸುವುದಿಲ್ಲ. ಶಾರ್ಲೆಟ್ ಬ್ರಾಂಟೆಗೆ ಆಸ್ಟೆನ್ ಅಂದರೆ ಅಷ್ಟಕ್ಕಷ್ಟೇ. ಬೇಲಿ ಹಾಕಿದ ಅಚ್ಚುಕಟ್ಟಾದ ತೋಟ ಅಂತ 1848ರ ಒಂದು ಕಾಗದದಲ್ಲಿ ಬರೆದಿದ್ದಾಳೆ, ಹೊಗಳಿಕೆಯಾಗಿ ಅಲ್ಲ. 'ಜೇನ್ ಐರ್' ದೊಡ್ಡ ಕಾದಂಬರಿಯೇ, ಸರಿ. ಆದರೆ ಅದರಲ್ಲಿ ಗುಡುಗು ಮಿಂಚು ಜಾಸ್ತಿ, ನಗು ಕಡಿಮೆ.

ಮೊದಲು ಆಸ್ಟೆನ್‌ನಲ್ಲಿ ನಿಮಗೆ ಹಿಡಿಸಿದ್ದೇನು ಅಂತ ಯೋಚಿಸಿ. ಮದುವೆಯೋ, ಮಾತಿನ ಚುಚ್ಚೋ, ದುಡ್ಡೋ? ನಗಬೇಡಿ. ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿದವಳು, ನನಗೆ ಹಿಡಿಸಿದ್ದು ದುಡ್ಡೇ. 'ಪ್ರೈಡ್ ಅಂಡ್ ಪ್ರೆಜುಡಿಸ್'ನ ನಾಯಕ ಡಾರ್ಸಿ ಬಾಲ್ ಡಾನ್ಸಿಗೆ ಕಾಲಿಟ್ಟು ಐದು ನಿಮಿಷವಾಗಿಲ್ಲ, ಅವನ ವರಮಾನ ವರ್ಷಕ್ಕೆ 10,000 ಪೌಂಡು ಅಂತ ಇಡೀ ಹಾಲ್‌ಗೆ ಗೊತ್ತು. ನಾಯಕಿಯ ಬೆನೆಟ್ ಮನೆಯ ಆಸ್ತಿಯಿಂದ ಬರುವುದು 2,000. ಅದೂ ಅಪ್ಪನ ನಂತರ ಐದು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೂ ಇಲ್ಲ.

ಈ ಲೆಕ್ಕ ಹಿಡಿಸಿದವರು ಸೀದಾ ಆಂಥನಿ ಟ್ರಾಲಪ್ ಹತ್ತಿರ ಹೋಗಿ. ಅಂಚೆ ಇಲಾಖೆಯ ನೌಕರ. ಬೆಳಿಗ್ಗೆ ಐದೂವರೆಗೆ ಗಡಿಯಾರ ಮುಂದಿಟ್ಟುಕೊಂಡು ಕೂತು, ಕಾಲು ಗಂಟೆಗೆ 250 ಪದದಂತೆ ಬರೆದು, ಆಮೇಲೆ ಡ್ಯೂಟಿಗೆ ಹೋಗುತ್ತಿದ್ದವನು. ಅವನ 'ಡಾಕ್ಟರ್ ಥಾರ್ನ್' (1858) ತಗೊಳ್ಳಿ. ಆರು ಪುಸ್ತಕಗಳ ಸಾಲಿನಲ್ಲಿ ಮೂರನೆಯದು, ಆದರೆ ಒಂದನ್ನೇ ಓದಿದರೂ ನಡೆಯುತ್ತದೆ. ಗ್ರೆಶಮ್ ಮನೆತನ ಸಾಲದಲ್ಲಿ ಮುಳುಗಿದೆ. ಸಾಲ ಕೊಟ್ಟವನು ಸರ್ ರೋಜರ್ ಸ್ಕ್ಯಾಚರ್ಡ್: ಕಲ್ಲುಕುಟಿಗನಾಗಿ ಶುರುಮಾಡಿ ರೈಲ್ವೆ ಕಂಟ್ರಾಕ್ಟರ್ ಆದವನು, ಮಹಾ ಕುಡುಕ. ಮನೆಯ ಮಗ ಫ್ರಾಂಕ್‌ಗೆ ಇಪ್ಪತ್ತೊಂದು ತುಂಬುತ್ತಿದ್ದಂತೆ ಅಮ್ಮ, ಅತ್ತೆ ಎಲ್ಲರದೂ ಒಂದೇ ವರಾತ, ದುಡ್ಡಿರುವವಳನ್ನೇ ಕಟ್ಟಿಕೋ ಅಂತ. ಅವನು ಮನಸ್ಸು ಕೊಟ್ಟಿದ್ದು ಕೈಯಲ್ಲಿ ಕಾಸಿಲ್ಲದ ಮೇರಿಗೆ. ಮೊದಲ ಎರಡು ಅಧ್ಯಾಯ ಬೋರು ಅಂತ ಲೇಖಕನೇ ಪುಸ್ತಕದೊಳಗೆ ಕ್ಷಮೆ ಕೇಳುತ್ತಾನೆ. ಹಾಗಂತ ಹಾರಿಸಬೇಡಿ, ಸಾಲ ಬೆಳೆದ ಕತೆ ಇರುವುದು ಅಲ್ಲೇ.

ಮಾತಿನ ಚುಚ್ಚು ಬೇಕಾದವರಿಗೆ ಎಲಿಜಬೆತ್ ಗ್ಯಾಸ್ಕೆಲ್. 'ನಾರ್ತ್ ಅಂಡ್ ಸೌತ್' ಹೆಸರಾದದ್ದು. ಗಿರಣಿ ಮಾಲೀಕ, ಮುಷ್ಕರ, ಮೊದಲ ಸಲ ಕೇಳಿದಾಗ ಒಲ್ಲೆ ಅನ್ನುವ ಹುಡುಗಿ. ಡಾರ್ಸಿ ಅಭಿಮಾನಿಗಳಿಗೆ ಹೇಳಿ ಮಾಡಿಸಿದ್ದು. ನನ್ನ ಓಟು ಮಾತ್ರ 'ವೈವ್ಸ್ ಅಂಡ್ ಡಾಟರ್ಸ್'ಗೆ. ಅಮ್ಮ ಇಲ್ಲದ ಮಾಲಿ, ಎರಡನೇ ಮದುವೆಗೆ ಹೊರಟ ಡಾಕ್ಟರ್ ಅಪ್ಪ. ಅಪ್ಪನಿಗೆ ಬ್ರೆಡ್ಡು ಚೀಸು ಅಂದರೆ ಇಷ್ಟ ಅನ್ನುತ್ತಾಳೆ ಹುಡುಗಿ. ಚೀಸಾ? ವಾಸನೆ, ಒರಟು ಪದಾರ್ಥ, ಅಡುಗೆಮನೆಗಷ್ಟೇ ಲಾಯಕ್ಕು, ಆಮ್ಲೆಟ್ ಮಾಡುವವರನ್ನು ಇಟ್ಟುಕೊಳ್ಳೋಣ ಅನ್ನುತ್ತಾಳೆ ಮಲತಾಯಿಯಾಗಲಿರುವವಳು. ಅಪ್ಪನಿಗೆ ಅದು ತುಂಬಾ ಇಷ್ಟ ಅಂತ ಮಾಲಿ ಮತ್ತೊಮ್ಮೆ ಹೇಳುತ್ತಾಳೆ. ಅಷ್ಟೇ. ಮದುವೆ ಇನ್ನೂ ಆಗಿಲ್ಲ, ಆ ಮನೆಯಲ್ಲಿ ಇನ್ನು ಯಾರ ಮಾತು ನಡೆಯುತ್ತದೆ ಅಂತ ನಮಗೆ ಗೊತ್ತಾಗಿಬಿಟ್ಟಿತು. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ಕೊನೆಯ ಭಾಗ ಬರೆಯುವ ಮುಂಚೆಯೇ, 1865ರ ನವೆಂಬರಿನಲ್ಲಿ ಗ್ಯಾಸ್ಕೆಲ್ ತೀರಿಕೊಂಡಳು. ಮುಂದೇನಾಗಬೇಕಿತ್ತು ಅಂತ ಅದನ್ನು ಧಾರಾವಾಹಿಯಾಗಿ ಹಾಕುತ್ತಿದ್ದ ಪತ್ರಿಕೆಯ ಸಂಪಾದಕ ಬರೆದು ಮುಗಿಸಿದ. ಯಾರಿಗೆ ಯಾರು ಅಂತ ತಿಳಿಯುತ್ತದೆ, ಓಲಗ ಮಾತ್ರ ಕೇಳಿಸುವುದಿಲ್ಲ.

ಆಸ್ಟೆನ್‌ಳ 'ಎಮ್ಮಾ' ಇಷ್ಟವಾದವರು ಮಾರ್ಗರೆಟ್ ಆಲಿಫಂಟ್‌ಳ 'ಮಿಸ್ ಮಾರ್ಜೊರಿಬ್ಯಾಂಕ್ಸ್' (1866) ಹುಡುಕಿ. ಅಪ್ಪನಿಗೆ ಆಸರೆಯಾಗಬೇಕು ಅಂತ ಹೇಳಿಕೊಂಡೇ ಲುಸಿಲ್ಲಾ ಅಪ್ಪನ ಮನೆಯನ್ನೂ, ಆಮೇಲೆ ಊರನ್ನೂ ಕೈಗೆ ತಗೊಳ್ಳುತ್ತಾಳೆ. ಆಸ್ಟೆನ್ ಸ್ವತಃ ಏನು ಓದುತ್ತಿದ್ದಳು ಅನ್ನುವ ಕುತೂಹಲವಿದ್ದರೆ ಫ್ಯಾನಿ ಬರ್ನಿಯ 'ಈವ್ಲಿನಾ' (1778) ಸಾಕು. ನಾಚಿಕೆ ಸ್ವಭಾವದ ಹಳ್ಳಿ ಹುಡುಗಿ, ಬಾಲ್ ಡಾನ್ಸಿನ ನಿಯಮ ಗೊತ್ತಿಲ್ಲ, ಒಬ್ಬನಿಗೆ ಆಗುವುದಿಲ್ಲ ಅಂದು ಇನ್ನೊಬ್ಬನ ಜೊತೆ ಕುಣಿದು ಫಜೀತಿ ಮಾಡಿಕೊಳ್ಳುತ್ತಾಳೆ. ಬರ್ನಿಯ ಮುಂದಿನವು ಉದ್ದ, ಈಗಲೇ ಬೇಡ.

ಇವೆಲ್ಲ ಕಾಪಿರೈಟ್ ಮುಗಿದ ಪುಸ್ತಕಗಳು. ಪ್ರಾಜೆಕ್ಟ್ ಗುಟೆನ್‌ಬರ್ಗ್ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ, ಓದಿಸಿ ಕೇಳುವುದಾದರೆ ಲಿಬ್ರಿವಾಕ್ಸ್ ವೆಬ್‌ಸೈಟು. ಗ್ಯಾಸ್ಕೆಲ್‌ಳ ಎರಡೂ ಮೊದಲು ಬಂದದ್ದು ಧಾರಾವಾಹಿಯಾಗಿ. ನಮ್ಮ ವಾರಪತ್ರಿಕೆಗಳಲ್ಲಿ ಧಾರಾವಾಹಿ ಓದಿ ಬೆಳೆದವರಿಗೆ ಆ ಅಭ್ಯಾಸ ಇದ್ದೇ ಇದೆ ಅಲ್ವಾ? ದಿನಕ್ಕೆ ಎರಡು ಅಧ್ಯಾಯ ಓದಿ ಎತ್ತಿಡಿ.

ಜಾರ್ಜ್ ಎಲಿಯಟ್‌ಳ 'ಮಿಡ್ಲ್‌ಮಾರ್ಚ್' ಕೊನೆಗಿರಲಿ. 1871-72ರಲ್ಲಿ ಎಂಟು ಭಾಗವಾಗಿ ಬಂದದ್ದು, ಹಾಗೇ ಓದಿ, ಒಂದೊಂದು ಭಾಗಕ್ಕೆ ನಿಲ್ಲಿಸಿ. ಡೊರೊಥಿಯಾ ಆ ಒಣಕಲು ಪಂಡಿತನನ್ನು ಮದುವೆಯಾಗುವಾಗ ಸಿಟ್ಟು ಬರುತ್ತದೆ. ಪುಸ್ತಕ ಬಿಡಬೇಡಿ, ಸುಮ್ನೆ ಒಂದು ವಾರ ಪಕ್ಕಕ್ಕಿಡಿ. ಆ ವಾರಕ್ಕೆ ಟ್ರಾಲಪ್ ಇದ್ದಾನಲ್ಲ, ಅವನದು 47 ಕಾದಂಬರಿ.