ನೀಲಿ ಬೋರ್ಡು ಕೊನೆಗೆ ಓದಿ

ನನ್ನದು ಪಂಪ್‌ಸೆಟ್ ಬಿಡಿಭಾಗಗಳ ಆರ್ಡರ್ ಹಿಡಿಯುವ ಕೆಲಸ. ಹಾಸನದಿಂದ ಬೈಕ್ ತೆಗೆದರೆ ಒಂದು ದಿನ ಬೇಲೂರು, ಹಳೇಬೀಡು ಕಡೆ. ಇನ್ನೊಂದು ದಿನ ದುದ್ದ, ಅರಸೀಕೆರೆ ಕಡೆ. ಮಧ್ಯಾಹ್ನ ಅಂಗಡಿಯವರು ಊಟಕ್ಕೆ ಬಾಗಿಲು ಹಾಕಿದರೆ ಒಂದೆರಡು ಗಂಟೆ ಸುಮ್ನೆ ಕೂರಬೇಕು. ಅರಳಿಕಟ್ಟೆ ಮೇಲೆ ಕೂತು ಎಷ್ಟು ಹೊತ್ತು ಅಂತ ಫೋನ್ ನೋಡುವುದು? ಪಕ್ಕದಲ್ಲೇ ನಿಲ್ಲಿಸಿರುವ ಹಳೆಯ ಶಾಸನದ ಕಲ್ಲು, ವೀರಗಲ್ಲುಗಳನ್ನು ನೋಡತೊಡಗಿದೆ. ಹುಚ್ಚು ಹತ್ತಿದ್ದು ಹೀಗೆ.

ರಸ್ತೆ ಬದಿಯ ಇತಿಹಾಸ ಅಂದರೆ ಎಲ್ಲರಿಗೂ ನೆನಪಾಗುವುದು ಪುರಾತತ್ವ ಇಲಾಖೆಯ ನೀಲಿ ಬೋರ್ಡು. ಅದರ ಪಾಡಿಗೆ ಅದು ಇರಲಿ. ಆದರೆ ಅದರಲ್ಲಿ ಸಾಮಾನ್ಯವಾಗಿ ಇರುವುದು 1958ರ ಕಾಯ್ದೆ ಮತ್ತು ಹಾಳು ಮಾಡಿದರೆ ಏನು ಶಿಕ್ಷೆ ಎನ್ನುವುದು. ಯಾರು ಕಟ್ಟಿಸಿದರು, ಯಾಕೆ ಕಟ್ಟಿಸಿದರು ಎನ್ನುವುದು ಅದರಲ್ಲಿ ಸಿಗುವುದು ಅಪರೂಪ. ಅದನ್ನು ಹೇಳುವ ಬೋರ್ಡನ್ನು ಆ ಕಾಲದವರೇ ಕಲ್ಲಿನಲ್ಲಿ ಕೊರೆಸಿ ಅಲ್ಲೇ ನಿಲ್ಲಿಸಿ ಹೋಗಿದ್ದಾರೆ. ನಾವು ಅದಕ್ಕೆ ಬೆನ್ನು ಕೊಟ್ಟು ಸೆಲ್ಫಿ ತೆಗೆದುಕೊಳ್ಳುತ್ತೇವೆ, ಅಷ್ಟೆ.

ದೊಡ್ಡಗದ್ದವಳ್ಳಿಯನ್ನೇ ನೋಡಿ. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ತಿರುಗಿದರೆ ಸಿಗುತ್ತದೆ. ಕೆರೆ ಪಕ್ಕದಲ್ಲಿ ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ದೇವಸ್ಥಾನ. ಕಾಲ 1113-14. ಹೊಯ್ಸಳರ ದೇವಸ್ಥಾನ ಅಂದ ತಕ್ಷಣ ರಾಜನೇ ಕಟ್ಟಿಸಿದ ಅಂದುಕೊಳ್ಳುತ್ತೇವೆ. ಇದನ್ನು ಕಟ್ಟಿಸಿದ್ದು ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ಅರಸೀಕೆರೆ ರಸ್ತೆಯ ಕೋರವಂಗಲದ ಬೂಚೇಶ್ವರ ಗುಡಿಯೂ ರಾಜನದಲ್ಲ. ಎರಡನೇ ವೀರಬಲ್ಲಾಳನ ಪಟ್ಟಾಭಿಷೇಕದ ಖುಷಿಗೆ ಅವನ ಅಧಿಕಾರಿ ಬೂಚಿರಾಜ 1173ರಲ್ಲಿ ಕಟ್ಟಿಸಿದ್ದು. ಊರಿಗೊಂದು ಇಂಥ ಕಥೆ ಇದೆ. ರಾಜರಿಗಿಂತ ಈ ವ್ಯಾಪಾರಿ, ಅಧಿಕಾರಿ, ಗೌಡರ ಕಥೆಗಳೇ ನನಗೆ ಜಾಸ್ತಿ ಹಿಡಿಸುತ್ತವೆ.

ನಾನು ಓದಿದ್ದು ಐಟಿಐ. ಹಳಗನ್ನಡ ಅಂದರೆ ಹೈಸ್ಕೂಲಿನಲ್ಲಿ ಪರೀಕ್ಷೆಗೆ ಬಾಯಿಪಾಠ ಮಾಡಿದ್ದಷ್ಟೆ. ಹಾಗಾಗಿ ಒಂದು ಅಡ್ಡದಾರಿ ಹಿಡಿದೆ. ಮೊದಲು ಅಕ್ಷರ ಕಲಿಯುವ ಬದಲು, ಕಲ್ಲಿನಲ್ಲಿ ಬಂದೇ ಬರುವ ಮಾತುಗಳನ್ನು ಬಾಯಿಪಾಠ ಮಾಡಿದೆ. ಶಿವನ ಗುಡಿಯ ಶಾಸನ ಹೆಚ್ಚಾಗಿ ‘ನಮಸ್ತುಂಗ ಶಿರಶ್ಚುಂಬಿ ಚಂದ್ರಚಾಮರ ಚಾರವೇ’ ಅಂತ ಶುರುವಾಗುತ್ತದೆ. ಬಸದಿಯದಾದರೆ ‘ಶ್ರೀಮತ್ಪರಮಗಂಭೀರ ಸ್ಯಾದ್ವಾದಾಮೋಘಲಾಂಛನಂ’. ಆಮೇಲೆ ಹೊಯ್ಸಳರ ಬಿರುದುಗಳ ಸಾಲು: ದ್ವಾರಾವತೀಪುರವರಾಧೀಶ್ವರಂ, ಯಾದವಕುಳಾಂಬರದ್ಯುಮಣಿ, ಸಮ್ಯಕ್ತ್ವಚೂಡಾಮಣಿ, ಮಲೆಪರೊಳ್ಗಂಡ. ಮುಂದೆ ಏನು ಬರಬೇಕು ಅಂತ ಗೊತ್ತಿದ್ದರೆ, ಕಲ್ಲಿನ ಮೇಲೆ ಬೆರಳು ತೋರಿಸುತ್ತಾ ‘ಇದು ದ್ವಾ, ಇದು ರಾ’ ಅಂತ ಹೋಗಬಹುದು. ಆ ಒಂದು ಸಾಲಿನಿಂದಲೇ ಅರ್ಧ ವರ್ಣಮಾಲೆ ಕೈಗೆ ಬರುತ್ತದೆ. ಹನ್ನೆರಡನೇ ಶತಮಾನದ ಅಕ್ಷರಗಳು ನಾವು ಹೆದರುವಷ್ಟು ದೂರದವೇನಲ್ಲ. ದುಂಡಗಿವೆ, ತಲೆಕಟ್ಟು ಇದೆ. ಮೊದಲು ಕಾಡುವುದು ಒತ್ತಕ್ಷರಗಳು.

ಬಿರುದುಗಳಿಂದ ಇನ್ನೊಂದು ಉಪಯೋಗ ಇದೆ. ಕಲ್ಲು ಒಡೆದು ವರ್ಷದ ಸಾಲು ಹೋಗಿದ್ದರೂ ಕಾಲ ಸುಮಾರಾಗಿ ಗೊತ್ತಾಗುತ್ತದೆ. ‘ತಳಕಾಡುಗೊಂಡ’ ಅಂತ ಇದ್ದರೆ ಅದು ವಿಷ್ಣುವರ್ಧನ ಚೋಳರಿಂದ ತಲಕಾಡು ಗೆದ್ದ ನಂತರದ್ದು. ‘ಶನಿವಾರಸಿದ್ಧಿ, ಗಿರಿದುರ್ಗಮಲ್ಲ’ ಸಿಕ್ಕರೆ ಎರಡನೇ ಬಲ್ಲಾಳನ ಕಾಲಕ್ಕೋ ಅದರಿಂದ ಈಚೆಗೋ ಬಂದಿರಿ ಅಂತ ಲೆಕ್ಕ. ವರ್ಷ ಸರಿಯಾಗಿ ಕಾಣಿಸಿದರೆ ಕೆಲಸ ಇನ್ನೂ ಸುಲಭ. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ. ವರ್ಷದ ಕೊನೆಯ ತಿಂಗಳುಗಳಾದರೆ ಒಮ್ಮೊಮ್ಮೆ 79. ಬೇಲೂರು ಚೆನ್ನಕೇಶವನ ಪ್ರತಿಷ್ಠೆ ಶಕವರ್ಷ 1039, ಹೇವಿಳಂಬಿ ಸಂವತ್ಸರ. ಅಂದರೆ 1117. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದಲ್ವಾ, 2017ರ ಯುಗಾದಿಗೆ ಬಂದದ್ದೂ ಹೇವಿಳಂಬಿಯೇ. ನಡುವೆ ಸರಿಯಾಗಿ 900 ವರ್ಷ, ಹದಿನೈದು ಸುತ್ತು. ಕಲ್ಲಿನಲ್ಲಿ ಅಂಕಿ ಸವೆದು ಅನುಮಾನ ಬಂದರೆ ಹೀಗೆ ಸಂವತ್ಸರದ ಹೆಸರಿನಿಂದ ತಾಳೆ ನೋಡುತ್ತೇನೆ. ಮನೆಯ ಗೋಡೆ ಮೇಲಿನ ಪಂಚಾಂಗದ ಕ್ಯಾಲೆಂಡರೇ ಸಾಕು.

ಕಲ್ಲು ಎಲ್ಲಿದೆ ಅಂತ ಹುಡುಕುವುದಕ್ಕೆ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಗಳ ಸಂಗ್ರಹ ಇದೆ. ಹಾಸನ ಜಿಲ್ಲೆಗೆ ಐದನೇ ಸಂಪುಟ, 1902ರದ್ದು. ಚಿಕ್ಕಮಗಳೂರಿನವರು ಆರನೇ ಸಂಪುಟ ನೋಡಬೇಕು. ಆಗ ಅದು ಕಡೂರು ಜಿಲ್ಲೆ, ಆ ಹೆಸರಿನಲ್ಲಿ ಹುಡುಕಿ. ಇಂಟರ್ನೆಟ್ಟಿನಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಸಂಪುಟಗಳು ಇನ್ನೂ ಚೆನ್ನಾಗಿವೆ. ಪುಸ್ತಕದಲ್ಲಿ ತಾಲ್ಲೂಕುವಾರು ನಂಬರ್ ಇದೆ. ಪ್ರತಿ ನಂಬರಿಗೂ ಇಂಥ ಊರು, ಇಂಥ ಗುಡಿಯ ಎದುರು, ಇಂಥ ಹೊಲದಲ್ಲಿ ಅಂತ ಬರೆದಿರುತ್ತಾರೆ. ಸಕಲೇಶಪುರ ಅಂತ ಹುಡುಕಿದರೆ ಸಿಗುವುದಿಲ್ಲ, ಅದು ಮಂಜರಾಬಾದ್ ತಾಲ್ಲೂಕು. ಊರಿನ ಹೆಸರುಗಳ ಕಾಗುಣಿತವೂ ಸ್ವಲ್ಪ ಹಿಂದೆ ಮುಂದೆ. ಅರ್ಧ ಮಜಾ ಇರುವುದೇ ಅಲ್ಲಿ.

ನಾನು ಇಡೀ ಜಿಲ್ಲೆಗೆ ಕೈ ಹಾಕಲಿಲ್ಲ. ಒಂದು ಹೋಬಳಿ ಹಿಡಿದೆ. ಆ ಹೋಬಳಿಯ ನಂಬರುಗಳನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಆರ್ಡರಿಗೆ ಆ ದಾರಿಯಲ್ಲಿ ಹೋದಾಗ ಒಂದೊಂದೇ ನೋಡುತ್ತಾ ಬಂದೆ. ಪುಸ್ತಕ ಹೇಳಿದ ಜಾಗದಲ್ಲಿ ಕಲ್ಲು ಇದ್ದರೆ ಅದೇ ಒಂದು ಹಬ್ಬ. ಎಷ್ಟೋ ಕಲ್ಲುಗಳು ಜಾಗ ಬದಲಿಸಿವೆ. ಕೆಲವು ಮೋರಿಗೆ ಚಪ್ಪಡಿಯಾಗಿವೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ಒಂದು ಊರಿನಲ್ಲಿ ವೀರಗಲ್ಲಿಗೆ ಎನಾಮಲ್ ಪೇಂಟ್ ಬಳಿದು, ಕುದುರೆಗೆ ಬಿಳಿ, ವೀರನಿಗೆ ಹಳದಿ ಮಾಡಿದ್ದರು. ಭಕ್ತಿಯಿಂದಲೇ ಮಾಡಿದ್ದು, ಬೈಯುವುದು ಹೇಗೆ? ಅಕ್ಷರಗಳು ಮಾತ್ರ ಬಣ್ಣದ ಕೆಳಗೆ ಹೋದವು.

ಪುಸ್ತಕಕ್ಕಿಂತ ಬೇಗ ಕಲ್ಲು ತೋರಿಸುವವರು ಊರಿನ ಹಿರಿಯರು. ಆದರೆ ‘ಶಾಸನ ಎಲ್ಲಿದೆ’ ಅಂತ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ‘ಅಕ್ಷರ ಇರೋ ಕಲ್ಲು’ ಅನ್ನಬೇಕು. ಇನ್ನೊಂದು ಮಾತು, ನೇರವಾಗಿ ಕಲ್ಲಿನ ಹತ್ತಿರ ಹೋಗಬೇಡಿ. ನಿಧಿಗಳ್ಳರ ಕಾಟ ನಮ್ಮ ಕಡೆ ಜಾಸ್ತಿ. ಹೊಸಬ ಬಂದು ಕಲ್ಲಿನ ಸುತ್ತ ಸುತ್ತಿದರೆ ಅನುಮಾನ ಪಡುವುದು ಸಹಜ. ಮೊದಲು ಟೀ ಅಂಗಡಿಯಲ್ಲಿ ಕೂತು ಮಾತಾಡಿ.

‘ಯಾವೂರಾಯ್ತು ಸಾ?’ ಅಂತ ಶುರು ಮಾಡುತ್ತಾರೆ.

‘ಹಾಸನ ಕಣಣ್ಣ. ನಿಮ್ಮೂರ ಕಲ್ಲಲ್ಲಿ ಏನ್ ಬರೆದಿದೆ ಅಂತ ನೋಡೋಣ ಅಂತ ಬಂದೆ.’

‘ನಿಧಿ ಗಿಧಿ ಇಂಥ ಕಡೆ ಐತೆ ಅಂತ ಬರ್ದವ್ರಾ?’

ನಗುತ್ತಾ ಕೇಳಿದರೂ ಕಣ್ಣು ನನ್ನ ಬ್ಯಾಗಿನ ಮೇಲೆ. ಆಗ ಬ್ಯಾಗ್ ತೆಗೆದು ನೋಟ್‌ಬುಕ್ ತೋರಿಸಿಬಿಡುತ್ತೇನೆ. ದಾನ ಕೊಟ್ಟ ಭೂಮಿಯ ಮೇರೆ ಬರುವ ಶಾಸನವಾದರೆ ಅಲ್ಲೇ ಜೋರಾಗಿ ಓದುತ್ತೇನೆ. ಮೂಡಲಿಗೆ ಇಂಥ ಹಳ್ಳ, ತೆಂಕಲಿಗೆ ಇಂಥ ಕೆರೆ, ಕೆರೆಯ ಕೆಳಗೆ ಗದ್ದೆ ಇಷ್ಟು ಸಲಗೆ, ಬೆದ್ದಲು ಇಷ್ಟು ಕಂಬ (ಸಲಗೆ, ಕಂಬ ಅಂದರೆ ಆ ಕಾಲದ ಜಮೀನಿನ ಅಳತೆ). ಅಷ್ಟು ಓದುವಷ್ಟರಲ್ಲಿ ಸುತ್ತ ಜನ ಸೇರಿರುತ್ತಾರೆ. ‘ಆ ಹಳ್ಳ ಈಗ್ಲೂ ಅದೇ ಕಣ್ರೀ, ಇವ್ರ ಅಡಿಕೆ ತೋಟದ ಪಕ್ಕ’ ಅಂತ ಒಬ್ಬರು. ‘ಇಲ್ಲ, ಅದು ಆ ಕಡೇದು’ ಅಂತ ಇನ್ನೊಬ್ಬರು. ಅಲ್ಲಿಂದಾಚೆ ನನ್ನ ಕೆಲಸ ಏನೂ ಇಲ್ಲ, ಅವರೇ ಜಗಳ ಆಡಿಕೊಂಡು ಗಡಿ ಗುರುತಿಸುತ್ತಾರೆ. ಸರ್ವೆ ನಂಬರ್ ಬರುವುದಕ್ಕೆ ಆರೇಳು ನೂರು ವರ್ಷ ಮೊದಲಿನ ಪಹಣಿ ಅದು. ಇಂಥ ಊರುಗಳ ಹೆಸರು ನಾನು ಇಲ್ಲಿ ಬರೆಯುತ್ತಿಲ್ಲ. ಕಾರಣ ಅದೇ, ನಿಧಿಗಳ್ಳರು.

ಅಕ್ಷರ ಇಲ್ಲದ ಕಲ್ಲುಗಳನ್ನೂ ಬಿಡಬೇಡಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ. ಅಲ್ಲಿ ಹಸುಗಳ ಸಾಲಿದ್ದರೆ ದನ ಹೊಡೆದುಕೊಂಡು ಹೋಗುವವರ ಜೊತೆ ಹೋರಾಡಿ ಸತ್ತವನು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೂತಿರುತ್ತಾನೆ. ಜೈನನಾದರೆ ಜಿನನ ಮುಂದೆ. ತುದಿಯಲ್ಲಿ ಸೂರ್ಯ, ಚಂದ್ರ. ಕಂಬದಿಂದ ಹೊರಚಾಚಿ ಮಡಿಸಿದ ಕೈ, ಅದರ ತುಂಬ ಬಳೆ ಕಂಡರೆ ಅದು ಮಾಸ್ತಿಕಲ್ಲು, ಸತಿ ಹೋದವಳ ನೆನಪಿನ ಕಲ್ಲು. ಹೊಲದ ಮೂಲೆಯಲ್ಲಿ ಒಂದು ಲಿಂಗ ಕೊರೆದ ಗಿಡ್ಡ ಕಲ್ಲು ಇದ್ದರೆ ಅದು ಶಿವನ ಗುಡಿಗೆ ಬಿಟ್ಟ ಜಮೀನಿನ ಗಡಿ. ಕೊಡೆ ಹಿಡಿದ ವಾಮನ ಇದ್ದರೆ ಬ್ರಾಹ್ಮಣರಿಗೋ ವಿಷ್ಣು ಗುಡಿಗೋ ಬಿಟ್ಟದ್ದು. ಒಂದರ ಮೇಲೊಂದು ಮೂರು ಕೊಡೆ ಇದ್ದರೆ ಬಸದಿಯ ಭೂಮಿ. ಆ ಬಸದಿ ಇವತ್ತು ಇಲ್ಲದೆ ಇರಬಹುದು, ಆದರೂ ಮುಕ್ಕೊಡೆ ಕಲ್ಲು ಸುಳ್ಳು ಹೇಳುವುದಿಲ್ಲ.

ಹಳೇಬೀಡಿನಲ್ಲಿ ನನ್ನನ್ನು ತುಂಬ ಹೊತ್ತು ನಿಲ್ಲಿಸಿದ್ದು ಹೊಯ್ಸಳೇಶ್ವರನ ಗೋಡೆಗಳಲ್ಲ. ಅದರ ದಕ್ಷಿಣಕ್ಕಿರುವ ಕುವರಲಕ್ಷ್ಮನ ಕಂಬ. ರಾಜ ಸತ್ತರೆ ತಾವೂ ಸಾಯುತ್ತೇವೆ ಎಂದು ಆಣೆ ಮಾಡಿದವರು ಗರುಡರು. ಕುವರಲಕ್ಷ್ಮ ಎರಡನೇ ಬಲ್ಲಾಳನ ದಂಡನಾಯಕ, ಅಂಥ ಗರುಡ. ಹೆಂಡತಿ ಮತ್ತು ತನ್ನವರ ಜೊತೆ ಪ್ರಾಣ ಕೊಟ್ಟ. ಕಂಬದ ಮೇಲೆ ಕತ್ತಿಯಿಂದ ತಮ್ಮ ತಲೆ ತಾವೇ ಕಡಿದುಕೊಳ್ಳುವ ಚಿಕ್ಕ ಚಿಕ್ಕ ಶಿಲ್ಪಗಳಿವೆ. ಬರಹ ಮಾತ್ರ ನಡುವೆಯೇ ನಿಂತುಹೋಗಿದೆ. ಸ್ವಾಮಿಭಕ್ತಿ ಅಂತ ಗೈಡ್‌ಗಳು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಆ ಹೆಂಡತಿಯನ್ನು ಯಾರಾದರೂ ಒಂದು ಮಾತು ಕೇಳಿದ್ದರಾ ಅನ್ನಿಸಿತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದವು. ಆದರೂ ಈ ಕಂಬದ ಹತ್ತಿರ ನಿಲ್ಲುವವರು ಕಡಿಮೆ.

ಹಲ್ಮಿಡಿಗೆ ಹೋಗುವವರಿಗೆ ಒಂದು ಮಾತು. ಬೇಲೂರು ತಾಲ್ಲೂಕಿನ ಆ ಊರಿನಲ್ಲಿ ಈಗ ನೋಡಲು ಸಿಗುವುದು ಶಾಸನದ ಪ್ರತಿಕೃತಿ. ಮೂಲ ಕಲ್ಲನ್ನು ಊರಿನಿಂದ ಬಹಳ ಹಿಂದೆಯೇ ತೆಗೆದುಕೊಂಡು ಹೋಗಿದ್ದಾರೆ. ಸುಮಾರು 450ರದು ಅಂತ ಹೇಳುವ ಹದಿನಾರು ಸಾಲಿನ ಬರಹ. ಯುದ್ಧದಲ್ಲಿ ಶೌರ್ಯ ತೋರಿದ ವಿಜಅರಸನಿಗೆ ಹಲ್ಮಿಡಿ ಮತ್ತು ಮುಳಿವಳ್ಳಿ ಕೊಟ್ಟ ಸಂಗತಿ ಅದರಲ್ಲಿದೆ. ಕನ್ನಡದ ಮೊದಲ ಶಾಸನ ಅಂತ ನಾವೆಲ್ಲ ಓದಿದ್ದು ಇದನ್ನೇ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಸಿಂಹಕಟಾಂಜನದ ಶಾಸನ ಸಿಕ್ಕ ಮೇಲೆ, ಅದು 370ರ ಹೊತ್ತಿನದು, ಅದೇ ಮೊದಲು ಅನ್ನುವವರು ಇದ್ದಾರೆ. ಹಲ್ಮಿಡಿಯಲ್ಲಿ ಈ ಮಾತು ಎತ್ತಬೇಡಿ, ಟೀ ಸಿಗುವುದಿಲ್ಲ.

ಇನ್ನು ಓದುವ ಕೈಚಳಕ. ಮಧ್ಯಾಹ್ನದ ಬಿಸಿಲು ಕಲ್ಲಿಗೆ ಶತ್ರು. ನೆತ್ತಿ ಮೇಲಿನ ಬೆಳಕಿನಲ್ಲಿ ಅಕ್ಷರಗಳೆಲ್ಲ ಮಾಯ. ಹಾಗಾಗಿ ಅಂಗಡಿ ತೆಗೆಯುವ ಮೊದಲು, ಬೆಳಿಗ್ಗೆ ಏಳರ ಹೊತ್ತಿಗೆ ಹೋಗುವ ಅಭ್ಯಾಸ ಮಾಡಿಕೊಂಡೆ. ಓರೆಯಾಗಿ ಬೀಳುವ ಬಿಸಿಲಿಗೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಗುಡಿಯ ಒಳಗಾದರೆ ಟಾರ್ಚನ್ನು ಕಲ್ಲಿನ ಅಂಚಿಗೆ ಹಿಡಿದು ಪಕ್ಕದಿಂದ ಬೆಳಕು ಬಿಡಬೇಕು, ಎದುರಿನಿಂದ ಅಲ್ಲ. ಧೂಳಿದ್ದರೆ ಮೆತ್ತನೆಯ ಬಟ್ಟೆ, ಸ್ವಲ್ಪ ನೀರು ಸಾಕು. ಸೀಮೆಸುಣ್ಣ, ಹಿಟ್ಟು, ಎಣ್ಣೆ ಬಳಿಯುವುದು ಬೇಡವೇ ಬೇಡ. ಫೋಟೊ ಚೆಂದ ಬರುತ್ತದೆ, ಕಲ್ಲು ಹಾಳಾಗುತ್ತದೆ. ಪಾಚಿಯನ್ನು ತಂತಿ ಬ್ರಷ್‌ನಿಂದ ಉಜ್ಜುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಾಗದ ಅಂಟಿಸಿ ಮಸಿ ಬಡಿದು ಪಡಿಯಚ್ಚು ತೆಗೆಯುವುದು ಕಲಿತವರ ಕೆಲಸ. ನಾನು ಅದಕ್ಕೆ ಕೈ ಹಾಕಿಲ್ಲ. ಒಂದೊಂದು ಸಾಲನ್ನೂ ಹತ್ತಿರದಿಂದ ಬೇರೆ ಬೇರೆ ಫೋಟೊ ತೆಗೆದು, ರಾತ್ರಿ ಮನೆಯಲ್ಲಿ ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಓದುತ್ತೇನೆ. ಹೆಂಡತಿ ಸೀರಿಯಲ್ ನೋಡುತ್ತಾಳೆ, ನಾನು ಬೂಚಿರಾಜನನ್ನು ನೋಡುತ್ತೇನೆ.

ಈಗ ಮೂಡಿಗೆರೆ ಕಡೆಯ ಅಂಗಡಿಗಳೂ ನನ್ನ ಪಾಲಿಗೆ ಬಂದಿವೆ. ಅಂದರೆ ಅಂಗಡಿ ಎಂಬ ಊರೂ ಸಿಕ್ಕಿತು. ಹಳೆಯ ಸೊಸೆವೂರು, ಸಳನ ಕಥೆಯ ಊರು. ವಾಸಂತಿಕೆಯ ಗುಡಿ ಇದೆ, ಹಳೆಯ ಬಸದಿಗಳಿವೆ. ಆರನೇ ಸಂಪುಟದಿಂದ ಮೂಡಿಗೆರೆಯ ನಂಬರುಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಾಗಿದೆ. ಮಳೆಗಾಲದಲ್ಲಿ ಆ ಕಡೆ ಕಲ್ಲಿಗೆಲ್ಲ ಪಾಚಿ, ಕಾಲಿಗೆಲ್ಲ ಜಿಗಣೆ. ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ, ಅಂಗಡಿಯವರ ಕೈಯಲ್ಲೂ ದುಡ್ಡು ಓಡಾಡುವಾಗ ಹೋಗಬೇಕು ಅಂತಿದ್ದೇನೆ.