ಡೈವೋರ್ಸ್ ಕೇಸಲ್ಲಿ ಚಿನ್ನವನ್ನು ಗ್ರಾಂ ಲೆಕ್ಕದಲ್ಲಿ ಬರೆಸಿದ ನನ್ನ ಅನುಭವ

ಪರಸ್ಪರ ಒಪ್ಪಿಗೆಯ ಕೇಸು ಸುಲಭ ಅಂತ ಹೊರಗಿನವರು ತಿಳಿದಿದ್ದಾರೆ. ಮಂಗಳೂರಿನಲ್ಲಿ ಫ್ಯಾಮಿಲಿ ಕೋರ್ಟ್ ಕೆಲಸ ಮಾಡುವ ನಮಗೆ ಗೊತ್ತಲ್ವಾ, ಮಕ್ಕಳ ವಿಷಯ ಒಪ್ಪಿ, ಜೀವನಾಂಶ ಒಪ್ಪಿ, ಎಲ್ಲ ಮುಗೀತು ಅನ್ನುವಾಗ ಚಿನ್ನದ ಹತ್ರ ಬಂದು ಮುರಿದು ಬೀಳುತ್ತದೆ. ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್‌ನಲ್ಲಿ ಒಪ್ಪಿಗೆ ಡೈವೋರ್ಸಿನ ಅರ್ಜಿ ಹಾಕಿ ಆರು ತಿಂಗಳು ಕಾಯುವಷ್ಟರಲ್ಲಿ ರೇಟು ಏರಿರುತ್ತದೆ. ಹುಡುಗಿ ಕಡೆಯವರು "ಆಗ ಹೇಳಿದ ಎಂಟು ಲಕ್ಷ ಈಗ ಎಲ್ಲಿಗೆ ಸಾಕು" ಅಂತಾರೆ. ಹುಡುಗ ಎರಡನೇ ಮೋಷನ್ನಿಗೆ, ಅಂದರೆ ಕಾದ ಮೇಲೆ ಮತ್ತೆ ಒಪ್ಪಿಗೆ ಹೇಳುವುದಕ್ಕೆ, ಬರುವುದೇ ಇಲ್ಲ. ಹೀಗೆ ಬಿದ್ದ ಕೇಸುಗಳಲ್ಲಿ ನನಗೆ ಮುಳುಗಿದ ಫೀಸು ಒಟ್ಟು ಹಾಕಿದರೆ ಒಂದು ಹಳೇ ಕಾರು ಬರುತ್ತಿತ್ತು.

ಹಾಗಾಗಿ ಕ್ರಮವನ್ನೇ ತಿರುಗಿಸಿದೆ. ಮೊದಲು ಚಿನ್ನ, ಆಮೇಲೆ ಉಳಿದದ್ದು. ಅದೂ ರೂಪಾಯಿಯಲ್ಲಲ್ಲ, ಗ್ರಾಂನಲ್ಲಿ. ಇದನ್ನು ಕೇಳಿ ಸೀನಿಯರ್ ಒಬ್ಬರು "ಆರುವ ಬೆಂಕಿಗೆ ಎಣ್ಣೆ ಹೊಯ್ತೀಯಲ್ಲ ಮಾರಾಯ" ಅಂದರು.

ಶುರುವಿನಲ್ಲಿ ಅವರ ಮಾತೇ ನಿಜವಾಯಿತು. ಒಂದು ಕೇಸಲ್ಲಿ ಗಂಡ ಹೆಂಡತಿ ಇಬ್ಬರಿಗೂ ಚಿನ್ನದ ಪಟ್ಟಿ ಬರೆದು ತನ್ನಿ ಅಂದೆ. ಅವಳದ್ದು ಎಂಬತ್ತು ಪವನು (ಒಂದು ಪವನು ಅಂದರೆ ಎಂಟು ಗ್ರಾಂ), ಅವನದ್ದು ಮೂವತ್ತು ಚಿಲ್ಲರೆ. ಹುಡುಗಿಯ ಅಪ್ಪ "ಕಾನತ್ತೂರಿಗೆ ಬರಲಿ, ದೈವದೆದುರು ಹೇಳಲಿ" ಅಂತ ಎದ್ದೇ ಹೋದರು. ಕಾನತ್ತೂರು ಅಂದರೆ ಕಾಸರಗೋಡು ಕಡೆ ಪ್ರಮಾಣಕ್ಕೆ ಹೆಸರಾದ ದೈವಸ್ಥಾನ. ಆಮೇಲೆ ಅಂಗಡಿ ಬಿಲ್ಲು ಕೇಳಿದೆ. ಅರ್ಧ ಚಿನ್ನ ಹಳೆಯದನ್ನು ಕರಗಿಸಿ ಮಾಡಿದ್ದು, ಅಜ್ಜಿಯ ಚಕ್ರಸರಕ್ಕೆ ಯಾವ ಬಿಲ್ಲು?

ಕೊನೆಗೆ ಕೈ ಹಿಡಿದದ್ದು ಮದುವೆ ವಿಡಿಯೋ. ಆಲ್ಬಮ್ ಅಷ್ಟು ಉಪಯೋಗವಿಲ್ಲ, ರಿಸೆಪ್ಶನ್ ಫೋಟೋ ಅಂತೂ ನೋಡಲೇಬೇಡಿ, ಅಲ್ಲಿ ಹಾಕಿದ್ದರಲ್ಲಿ ಒನ್ ಗ್ರಾಂ ಗೋಲ್ಡೇ ಜಾಸ್ತಿ. ಧಾರೆಯ ಹೊತ್ತಿಗೆ ಕ್ಯಾಮೆರಾ ಕೈಗೆ ಹತ್ತಿರ ಬರುತ್ತದಲ್ಲ, ಅಲ್ಲಿ ನಿಲ್ಲಿಸಿ ಬಳೆ ಎಣಿಸಿ. ಅಕ್ಕನಿಂದ ಆ ದಿನದ ಮಟ್ಟಿಗೆ ತಂದ ಸರ ಯಾವುದು ಅಂತ ತಾಯಿಯನ್ನು ಕೇಳಬೇಡಿ, ಚಿಕ್ಕಮ್ಮನನ್ನು ಕೇಳಿ. ಒಂದೊಂದು ಒಡವೆಗೂ ಒಂದು ಸಾಲು: ಯಾರು ಕೊಟ್ಟರು, ಈಗ ಯಾರ ಹತ್ರ ಇದೆ, ಒಟ್ಟು ತೂಕ, ಕಲ್ಲಿನ ತೂಕ ಕಳೆದು ನಿಕ್ಕಿ ಎಷ್ಟು, ಸೊಸೈಟಿಯಲ್ಲಿ ಅಡವಿದ್ದರೆ ಬಿಡಿಸಲು ಎಷ್ಟು ಬೇಕು. ಇನ್ನೊಂದು ಕಾಲಂ ಇದೆ, ಅದನ್ನು ಇಲ್ಲಿ ಹಾಕುವುದಿಲ್ಲ. ಆ ಸೀನಿಯರ್ ಮೊನ್ನೆ ಜೂನಿಯರನ್ನು ಕಳಿಸಿ ಪಟ್ಟಿಯ ಮಾದರಿ ತರಿಸಿಕೊಂಡರು. ಅವರಿಗೂ ಆ ಕಾಲಂ ತೆಗೆದೇ ಕೊಟ್ಟದ್ದು.

ಮೊದಲು ಪೂರ್ತಿ ದಡ ಸೇರಿದ್ದು ಉಡುಪಿ ಕಡೆಯ ಒಂದು ಕೇಸು, ಸುಮಾರು ಅರವತ್ತು ಪವನಿನದ್ದು. ಎಲ್ಲರೂ ಒಪ್ಪಿದ ಒಂದು ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆವು. ಕಡಿಮೆ ಬಿದ್ದದ್ದಕ್ಕೆ ಹುಡುಗ ಅಲ್ಲೇ 916 (22 ಕ್ಯಾರೆಟ್) ಚಿನ್ನದ ನಾಣ್ಯ ಕೊಂಡು ಕೊಟ್ಟ. ಮಜೂರಿ, ವೇಸ್ಟೇಜ್ ಯಾರೂ ಕೇಳಬಾರದು ಅಂತ ಮೊದಲೇ ಬರೆಸಿದ್ದೆ. ಅದಿಲ್ಲದಿದ್ದರೆ ಅಂಗಡಿಯಲ್ಲೇ ಇನ್ನೊಂದು ಜಗಳ. ತೂಗುವಾಗ ಆ ಹುಡುಗಿ "ಕರಿಮಣಿ ನನಗೆ ಬೇಡ ಸರ್, ಆದ್ರೆ ತೂಕಕ್ಕೆ ಸೇರಿಸಿ ಆಯ್ತಾ" ಅಂದಳು. ಸೇರಿಸಿದೆವು.

ಕೋರ್ಟಲ್ಲೇ ಹೊಡೆದಾಡುತ್ತೇವೆ ಅನ್ನುವವರಿಗೆ ಕೇರಳದ ಒಂದು 89 ಪವನಿನ ಕೇಸು ಹೇಳುತ್ತೇನೆ. 2003ರ ಮದುವೆ, ಸುಪ್ರೀಂ ಕೋರ್ಟಿನ ತೀರ್ಪು 2024ರಲ್ಲಿ. ಹೆಂಡತಿ ಗೆದ್ದಳು, ಸ್ತ್ರೀಧನದ ಮೇಲೆ ಗಂಡನಿಗೆ ಹಕ್ಕಿಲ್ಲ ಅಂತಾಯಿತು, ಆದರೆ ಸಿಕ್ಕಿದ್ದು 25 ಲಕ್ಷ. 89 ಪವನಿಗೆ ಆಗಿನ ರೇಟು ಹಾಕಿ ನೋಡಿ. ಅವರೇ ಸುಮ್ಮನಾಗುತ್ತಾರೆ.

ಫೀಸನ್ನೂ ಬದಲಿಸಿದೆ. ಹಿಯರಿಂಗ್ ಲೆಕ್ಕ ಬಿಟ್ಟು ಅರ್ಧ ಮೊದಲು, ಅರ್ಧ ತೂಕದ ದಿನ. ತೂಕದ ದಿನ ಯಾರೂ ಚೌಕಾಸಿ ಮಾಡುವುದಿಲ್ಲ.

ಇದೇ ಹುಮ್ಮಸ್ಸಿನಲ್ಲಿ ಮಕ್ಕಳ ಭೇಟಿಗೂ ಒಂದು ಕ್ಯಾಲೆಂಡರ್ ಮಾಡಿ ನೋಡಿದೆ. ದಸರಾ ರಜೆ ಇವರಿಗೆ, ಬೇಸಿಗೆ ರಜೆ ಅರ್ಧರ್ಧ. ಅದು ನಿಂತಿತು. ಮನೆಯ ದೈವದ ನೇಮದ ದಿನ ಮಾತ್ರ ನಿಲ್ಲಲಿಲ್ಲ. ಬಂಟರ ಮನೆಯಾದರೆ ಮಗು ತಾಯಿಯ ಬರಿ (ಕುಲ), ಅಪ್ಪನ ಮನೆಯ ಕೋಲಕ್ಕೆ ಯಾಕೆ ಕಳಿಸಬೇಕು ಅಂತ ಅಜ್ಜಿ ಕೇಳುತ್ತಾರೆ. ಇದಕ್ಕೆ ನನ್ನ ಹತ್ರ ಇನ್ನೂ ಉತ್ತರವಿಲ್ಲ.

ಗಲ್ಫ್ ಹುಡುಗರ ಕೇಸಲ್ಲಿ ಈ ಪಟ್ಟಿಯ ಲಾಭ ಜಾಸ್ತಿ. ಒಂದು ತಿಂಗಳ ರಜೆಯಲ್ಲಿ ಬಂದವನಿಗೆ ಆರು ತಿಂಗಳು ಕಾಯಿ ಅನ್ನಲಾಗದು. ಬೇರೆಯಾಗಿ ಒಂದೂವರೆ ವರ್ಷ ದಾಟಿದ್ದರೆ ಸುಪ್ರೀಂ ಕೋರ್ಟಿನ 2017ರ ಅಮರದೀಪ್ ಸಿಂಗ್ ತೀರ್ಪು ಹಿಡಿದು ಆ ಆರು ತಿಂಗಳಿಂದ ವಿನಾಯಿತಿ ಅರ್ಜಿ ಹಾಕುತ್ತೇನೆ. ಕೊಡುವುದು ತಗೊಳ್ಳುವುದು ನಿಜಕ್ಕೂ ತೀರ್ಮಾನವಾಗಿದೆ ಅಂತ ತೋರಿಸಬೇಕಲ್ಲ, ತೂಕದ ಚೀಟಿ ಮತ್ತು ಇಬ್ಬರ ಸಹಿಯ ರಸೀದಿ ಜೊತೆಗಿಟ್ಟರೆ ಮುಗಿಯಿತು. ಇಲ್ಲಿವರೆಗೆ ನನ್ನದೊಂದೂ ತಿರಸ್ಕಾರವಾಗಿಲ್ಲ. ಅವನು ಬರಲಾಗದೆ ಜಿಪಿಎ (ತನ್ನ ಪರವಾಗಿ ಬೇರೆಯವರಿಗೆ ಅಧಿಕಾರ ಕೊಡುವ ಪತ್ರ) ಕಳಿಸಿದರೆ ಮಾತ್ರ, ಅಲ್ಲಿನ ನಮ್ಮ ಕಾನ್ಸುಲೇಟಿನ ಸಹಿ ಇದೆಯಾ ನೋಡಿ, ಕೈಗೆ ಸಿಕ್ಕಿದ ಮೂರು ತಿಂಗಳೊಳಗೆ ಇಲ್ಲಿ ಸ್ಟಾಂಪ್ ಮಾಡಿಸಿಬಿಡಿ.